ಟೈಲರ್ ಅಳಿಯನ ಪರದೇಶಿ ಎಂಜಿನ್

ತೀರಿಹೋದ ಮಾವನ ಅಟ್ಟದಲ್ಲಿ ಪುಟ್ಟ ಉಗಿ ಎಂಜಿನ್ ಸಿಕ್ಕಿದ್ದೇ ತಡ, ಟೈಲರ್ ಅಳಿಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಪರದೇಶದ್ದಾದರೆ ಷೋಕೇಸಿಗೆ, ಇಲ್ಲದಿದ್ದರೆ ಗುಜರಿಗೆ ಎಂದುಬಿಟ್ಟಳು ಹೆಂಡತಿ. ಪಾಪ, ಕಂಪನಿ ಗುರುತು ಹುಡುಕುತ್ತ ಭೂತಗನ್ನಡಿ ಹಿಡಿದು ಕೂತ. ಆ ವಾರ ಯಾರದೋ ಅಂಗಿಗೆ ಮೂರು ತೋಳಾಯಿತಂತೆ, ಅದಿರಲಿ. ಕೊನೆಗೆ ಬಾಯ್ಲರಿನ ಮೇಲೆ ಸವೆದ ಅಕ್ಷರಗಳು ಕಂಡವು.

"ಅತ್ತೇ, ಕಂಪನಿ ಮುದ್ರೆ! ಯಾವ ದೇಶದ ಲಿಪಿಯೋ!"

ಅತ್ತೆ ಎಂಜಿನ್ನನ್ನೇ ತಲೆಕೆಳಗು ಮಾಡಿ ಓದಿದರು. "ಅಯ್ಯೋ, ನನ್ನ ಹೆಸರು! ಕಳೆದುಹೋದ ನನ್ನ ಹಿತ್ತಾಳೆ ಚೊಂಬು ಇದು! ನಿಮ್ಮ ಮಾವನೇ ಕದ್ದು, ಬೋರಲು ಹಾಕಿ ಎಂಜಿನ್ ಮಾಡಿದ್ದಾರೆ. ನಾನು ಪಕ್ಕದ್ಮನೆಯವಳೇ ಕದ್ದಳು ಅಂತ ಅವಳ ಹತ್ರ ಮಾತು ಬಿಟ್ಟಿದ್ದೀನಿ!"

"ಹಾಗಾದ್ರೆ ಗುಜರಿಗಾ?" ಅಳಿಯ ಎಂಜಿನ್ನನ್ನು ಕಸಿದು ಎದೆಗವುಚಿಕೊಂಡ.

"ಷೋಕೇಸಿಗೇ ಇಡಿ, ಅಳಿಯಂದ್ರೇ. ಮೊದಲು ಆ ಪಕ್ಕದ್ಮನೆಯವಳ ಹತ್ರ ಹೊತ್ಕೊಂಡು ಬನ್ನಿ. ನಾನು 'ತಪ್ಪಾಯ್ತು' ಅನ್ನೋವಾಗ ಇದರ ಶಿಳ್ಳೆ ಹೊಡೆಸಿ, ಆ ಮಾತು ಅವಳಿಗೆ ಕೇಳಿಸಬಾರದು."