ಬೀಗ ತೆಗೆದ ಬೀರುಗಳು

"ಆಕೆಗೆ ಗುಟ್ಟು ಹೇಳೋದೂ ಒಂದೇ, ಬೀದೀಲಿ ನಿಂತು ಕೂಗೋದೂ ಒಂದೇ" ಎಂದು ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಡಂಗುರಕ್ಕ ಎಂದೇ ಹೆಸರಿಟ್ಟಿದ್ದರು. ಯಾರ ಮನೆಯಲ್ಲಿ ಸಕ್ಕರೆ ಮುಗಿದಿದೆ, ಯಾರ ಮನೆಯಲ್ಲಿ ಏಣಿ ಸುಮ್ಮನೆ ಬಿದ್ದಿದೆ, ಎಲ್ಲವೂ ಆಕೆಯ ನಾಲಿಗೆಯ ತುದಿಯಲ್ಲೇ. ಗಂಡ ನಗುತ್ತಿದ್ದ: "ಇವಳ ಹೊಟ್ಟೇಲಿ ಊಟ ಬೇಕಾದ್ರೆ ನಿಲ್ಲುತ್ತೆ, ಮಾತು ನಿಲ್ಲಲ್ಲ."

ಆಕೆ ಆಸ್ಪತ್ರೆಯ ಫಾರ್ಮಸಿಸ್ಟ್. ಅಲ್ಲಾದರೋ ಎಲ್ಲರ ಬಾಯಿಗೂ ಬೀಗ, ಬೀರುವಿಗೂ ಬೀಗ. ಕೇಳಿದಾಗ ಔಷಧಿ ಸಿಗಲಾರದು ಎಂಬ ಭಯಕ್ಕೆ ಪ್ರತಿ ವಾರ್ಡಿನ ಸಿಸ್ಟರೂ ಒಂದಿಷ್ಟು ಬಚ್ಚಿಡುವುದು. ಬಚ್ಚಿಟ್ಟಷ್ಟೂ ಫಾರ್ಮಸಿ ಬರಿದಾಗುವುದು. ಒಂದು ಮಧ್ಯಾಹ್ನ ಹೆರಿಗೆಯಾದ ತಾಯಿಗೆ ರಕ್ತ ನಿಲ್ಲಲಿಲ್ಲ. ಫಾರ್ಮಸಿಯಲ್ಲಿ ಇಂಜೆಕ್ಷನ್ ಇಲ್ಲ. ಡಂಗುರಕ್ಕ ವಾರ್ಡಿನಿಂದ ವಾರ್ಡಿಗೆ ಓಡಿದಳು. ಕಡೆಗೆ ಆಪರೇಷನ್ ವಾರ್ಡಿನ ಬೀರುವಿನಲ್ಲಿ, ಹತ್ತಿ ಉಂಡೆಗಳ ಹಿಂದೆ ಸಿಕ್ಕಿತು. ತಾಯಿ ಕೂದಲೆಳೆಯ ಅಂತರದಲ್ಲಿ ಪಾರಾದಳು.

ಮರುದಿನ ಡಂಗುರಕ್ಕ ಕಾರಿಡಾರಿನಲ್ಲಿ ಕಪ್ಪು ಹಲಗೆ ನಿಲ್ಲಿಸಿದಳು. ಯಾವ ವಾರ್ಡಿನಲ್ಲಿ ಏನಿದೆ, ಯಾರು ಒಯ್ದರು, ಎಲ್ಲ ಬಯಲಲ್ಲೇ ಬರೆಯಬೇಕು.

ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್ ಸಿಡಿದಳು: "ಬರೆದ್ರೆ ಎಲ್ಲಾರೂ ಬಳ್ಕೊಂಡು ಹೋಗ್ತಾರೆ. ಆಮೇಲೆ ನನ್ನ ಮಕ್ಕಳಿಗೇನು ನಿನ್ನ ಸೀಮೆಸುಣ್ಣ ಅರೆದು ಕುಡಿಸ್ಲಾ?"

"ಬೇಕಾದಾಗ ಸಿಗದೇ ಹೋದ್ರೆ ಹಲಗೇನ ನಾನೇ ಕಿತ್ತು ಬಿಸಾಕ್ತೀನಿ ಕಣಮ್ಮ."

ದೊಡ್ಡ ಸಿಸ್ಟರ್ ಗೊಣಗುತ್ತಲೇ ಬರೆಸಿದಳು. ಅಂದುಕೊಂಡಂತೆಯೇ ಬೇರೆಯವರು ಒಯ್ದರು. ಅಷ್ಟರಲ್ಲಿ ಒಂದು ಮಗುವಿಗೆ ಫಿಟ್ಸ್ ಶುರುವಾಯಿತು, ನಿಲ್ಲುವ ಲಕ್ಷಣವಿಲ್ಲ. ಬೀರುವಿನಲ್ಲಿ ಇಂಜೆಕ್ಷನ್ ಖಾಲಿ!

"ಕೀಳೇ ನಿನ್ನ ಹಲಗೇನ!" ದೊಡ್ಡ ಸಿಸ್ಟರ್ ಕಾರಿಡಾರಿನಲ್ಲಿ ಕಿರುಚಿದಳು.

ಡಂಗುರಕ್ಕ ಹಲಗೆಯ ಮೇಲೆ ಬೆರಳಾಡಿಸಿ ಕೂಗಿದಳು: "ಗಂಡಸರ ವಾರ್ಡು! ಬೀರುವಿನ ಮೇಲಿನ ಅರೆ!"

ಆ ಕೂಗು ಮುಗಿಯುವುದಕ್ಕೂ ಮುಂಚೆ ಗಂಡಸರ ವಾರ್ಡಿನ ಸಿಸ್ಟರ್ ಇಂಜೆಕ್ಷನ್ ಹಿಡಿದು ಓಡಿಬಂದಳು. ಮಗುವಿನ ಬಿಗಿದ ಮುಷ್ಟಿ ಮೆಲ್ಲಗೆ ಸಡಿಲವಾಯಿತು.

ಸಂಜೆ ದೊಡ್ಡ ಸಿಸ್ಟರ್ ಫಾರ್ಮಸಿಯ ಕಿಟಕಿಗೆ ಬಂದಳು. "ನನ್ನ ಬೀರುವಿನ ಕೆಳಗಿನ ಅರೇಲಿರೋ ಬೇರೆ ಔಷಧಿಗಳನ್ನ ನಾನು ಬರೆಸೇ ಇರ್ಲಿಲ್ಲ. ಬರ್ಕೋ."

"ಗೊತ್ತಿತ್ತು," ಎಂದಳು ಡಂಗುರಕ್ಕ.

ಅಲ್ಲಿಂದ ಒಂದೊಂದೇ ವಾರ್ಡು ಬೀಗ ತೆಗೆಯಿತು. ಹಲಗೆ ಹೋಗಿ ಕಂಪ್ಯೂಟರ್ ಬಂತು. ಯಾವ ಮೂಲೆಯ ಔಷಧಿಯೂ ಎಲ್ಲರ ಕಣ್ಣಿಗೆ ಬೀಳುವಂತಾಯಿತು. ನೋಡಲು ಬೇರೆ ಆಸ್ಪತ್ರೆಗಳಿಂದ ಜನ ಬಂದರು. ನಿವೃತ್ತಿಯಾದ ಮೇಲೂ ಆಕೆಯನ್ನು ಬಿಡಲಿಲ್ಲ. ದೂರದ ಪಟ್ಟಣದ ಆಸ್ಪತ್ರೆಗಳನ್ನೆಲ್ಲ ಹೀಗೆ ಬೆಸೆಯಬೇಕು, ಇಲ್ಲೇ ಬಂದು ನೆಲೆಸಿ ಎಂದು ಕರೆ ಬಂತು.

ಸಾಮಾನಿನ ಲಾರಿಯ ಜೊತೆ ಗಂಡನೂ ಹೊರಟ. ಬಾಗಿಲಲ್ಲಿ ನಿಂತ ಕಾರಿನಿಂದ, ಅದೇ ಕೆಲಸಕ್ಕೆ ಜೊತೆಗೆ ಹೊರಟಿದ್ದ ದೊಡ್ಡ ಸಿಸ್ಟರ್ ಕತ್ತು ಹೊರಹಾಕಿದಳು. "ಬೇಗ ಬಾರೇ! ಅಲ್ಲಿನ ಸಿಸ್ಟರುಗಳು ನನಗಿಂತ ಗಟ್ಟಿಗಿತ್ತಿಯರಂತೆ."

"ಹಾಗಾದ್ರೆ ನಿನ್ನನ್ನೇ ಮುಂದೆ ಬಿಡ್ತೀನಿ," ಎನ್ನುತ್ತ ಡಂಗುರಕ್ಕ ಖಾಲಿ ಮನೆಯ ಕದ ಎಳೆದುಕೊಂಡು, ಸೆರಗು ಸಿಕ್ಕಿಸಿ, ಮೆಟ್ಟಿಲಿಳಿದಳು.