ಕಾಕಾ ಅಂಟಿಸಿದ ಹಾಳೆ

ದಾವೀದಪ್ಪ ಕಾಕಾ ಪುಸ್ತಕವನ್ನು ಕಣ್ಣು ಮುಚ್ಚಿಕೊಂಡು ಓದುತ್ತಿದ್ದರು. ಬೈಂಡಿಂಗಿಗೆ ಬಂದ ಪುಸ್ತಕದ ಹಳೆಯ ಹೊಲಿಗೆ ಬಿಚ್ಚುವ ಮೊದಲು ಹಾಳೆಗಳ ಅಂಚಿನ ಮೇಲೆ ಬೆರಳು ಎಳೆದು, ಸವೆತದಿಂದಲೇ ಪುಸ್ತಕದವರು ಎಲ್ಲಿ ನಿಂತು ಓದಿದ್ದಾರೆ, ಎಲ್ಲಿ ಹಾರಿಸಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಅಮ್ಮನ ಹರಕಲು ಅಡುಗೆ ಪುಸ್ತಕ ಕೊಟ್ಟಾಗ, "ನಿಮ್ಮವ್ವಾರು ಉಪ್ಪಿನಕಾಯಿ ದಾಟಿ ಮುಂದ ಹೋಗೇ ಇಲ್ಲ ಬಿಡವ್ವಾ" ಎಂದರು. ಅಯ್ಯೋ ಶಿವನೇ, ನೂರಕ್ಕೆ ನೂರು ನಿಜ!

ಮಾದಾಪುರದಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಮೈಸೂರಿನಿಂದ ಆ ತೆಲುಗು ಊರಿಗೆ ಕೆಲಸಕ್ಕೆ ಬಂದು, ವಾರವೆಲ್ಲ ಕಂಪ್ಯೂಟರಿನ ಮುಂದೆ ಕಣ್ಣುರಿಸಿಕೊಂಡ ನಾನು, ಶನಿವಾರ ಮಧ್ಯಾಹ್ನ ಹಳೆಯ ಪೇಟೆ ಅಬಿಡ್ಸಿನ ಅವರ ಬೈಂಡಿಂಗ್ ಅಂಗಡಿಗೆ ಓಡುತ್ತಿದ್ದೆ. ಮೆಟ್ಟಿಲ ಪಕ್ಕದ ಗೂಡು, ಕುದಿಯುವ ಮೈದಾ ಅಂಟಿನ ವಾಸನೆ, ಕಾಕಾನ ಬೀದರ ಕನ್ನಡ. ಕಾಗದದ ಧೂಳಿನಲ್ಲಿ ಬಿಸಿಲು ತೇಲುತ್ತಿದ್ದರೆ, ಹೊರಗಿನ ಆಟೋಗಳ ಸದ್ದು ಬೇರೆ ಯಾವುದೋ ಊರಿನದು ಅನಿಸುತ್ತಿತ್ತು. ಎಷ್ಟೋ ಸಲ ನಾನು ಅಲ್ಲೇ ತೂಕಡಿಸಿದ್ದುಂಟು.

ಕಾಕಾನ ಒಬ್ಬನೇ ಮಗ ಸಾಮುವೇಲನನ್ನು ಗೆಳೆಯನೇ ಹೊಂಚು ಹಾಕಿ ಕೊಂದಿದ್ದ. ಕೋರ್ಟು ಅವನಿಗೆ ಗಲ್ಲು ವಿಧಿಸಿತ್ತು. "ಗಲ್ಲಿನ ಬಗ್ಗೆ ನಿಮ್ಮ ಬೈಬಲ್ ಏನು ಹೇಳತ್ತೆ ಕಾಕಾ?" ಎಂದು ಬಾಯಿಬಡುಕಿ ನಾನು ಒಮ್ಮೆ ಕೇಳಿಬಿಟ್ಟೆ.

"ನೋಹನ ಕಾಲದಾಗೇ ದೇವರು ಹೇಳ್ಯಾನ, ರಕ್ತ ಚೆಲ್ಲಿದಾವನ ರಕ್ತ ಚೆಲ್ಲಬೇಕಂತ. ಮೋಶೆ ಕಾನೂನಿನಾಗೂ ಅದೇ ಐತಿ. ಖತಂ!"

ಅವರ ಬೈಬಲ್ ತಿರುವಿ ನೋಡಿದೆ. ಶುರುವಿನಲ್ಲೇ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. "ನಿಮ್ಮ ಕೈಯಲ್ಲೂ ಅಂಟು ಹೆಚ್ಚಾಗತ್ತಾ?" ಎಂದು ಕಿಚಾಯಿಸಿದೆ. ಕಾಕಾ ಪುಸ್ತಕ ಕಿತ್ತುಕೊಂಡರು. ಅಂದು ಚಹಾ ಕೂಡ ತರಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕೊಂದವನ ತಾಯಿ ಬಂದು ಮೆಟ್ಟಿಲ ಮೇಲೆ ಕೂತಳು. ಕೈಯಲ್ಲಿ ಕ್ಷಮಾದಾನದ ಅರ್ಜಿ. "ಅಣ್ಣಾರ, ಸಾಯೂತನಕ ಅವ ಜೇಲಿನಾಗ ಇರ್ಲಿ. ಹಗ್ಗ ಬ್ಯಾಡಂತ ನೀವೊಂದು ಸಹಿ ಹಾಕ್ರಿ." ಎಂಥ ಗಟ್ಟಿ ಹೆಂಗಸಪ್ಪಾ ಎಂದು ನನಗೆ ಮೈಯೆಲ್ಲ ಉರಿಯಿತು.

ಕಾಕಾ ತಮ್ಮ ಬೈಬಲ್ ತೆಗೆದು, ಅಂಟಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಹಾಸಿದರು. ಬಿಸಿಲು ಮೇಜಿನಿಂದ ಗೋಡೆಗೆ ಸರಿಯುವವರೆಗೆ ಮೂವರೂ ಅಂಟು ನೆನೆಯುವುದನ್ನೇ ಕಾದೆವು. ಆಮೇಲೆ ಅವರು ಒಂದಿಷ್ಟೂ ಹರಿಯದಂತೆ ಹಾಳೆ ಬಿಡಿಸಿದರು.

"ಕಾಯಿನ ಅಂಬಾವ ತನ್ನ ತಮ್ಮನ್ನ ಕೊಂದ ಕಥಿ ಇದು. ಮೊದಲ್ನೇ ಖೂನಿ. ದೇವರು ಅವನ್ನ ಕೊಲ್ಲಲಿಲ್ಲವ್ವಾ, ಯಾರೂ ಕೊಲ್ಲಬಾರದಂತ ಗುರುತು ಹಾಕಿ ಕಳಿಸಿದ. ಇದು ಕಣ್ಣಿಗೆ ಬೀಳಬಾರದಂತ ನಾನೇ ಅಂಟು ಹಚ್ಚಿದ್ದೆ."

"ಹಾಗಾದ್ರೆ ನೋಹನಿಗೆ ಹೇಳಿದ್ದು?"

"ಅದೂ ಐತಿ, ಸುಳ್ಳಲ್ಲ. ಆದ್ರ ತಪ್ಪು ಮಾಡಿದ ಹೆಣ್ಮಗಳನ್ನ ಕಲ್ಲು ಹೊಡದು ಕೊಲ್ಲಾಕ ಬಂದಾವ್ರು, ಯೇಸು 'ಪಾಪ ಮಾಡದಾವ ಮೊದಲ ಕಲ್ಲು ಹೊಡೀಲಿ' ಅಂದ ಮ್ಯಾಲ ಒಬ್ಬೊಬ್ರೇ ಮನಿಗೆ ಹ್ವಾದ್ರು. ನಾ ಇನ್ನೂ ಕಲ್ಲು ಹಿಡಕೊಂಡು ನಿಂತೀನಿ. ಕೈ ಭಾಳ ನೋಯಾಕತ್ತೈತಿ."

ಸಹಿ ಹಾಕಿದರು. ಪೆನ್ನು ಇಟ್ಟು "ಸಾಮು, ಸಾಮು" ಎಂದು ಅತ್ತರು. ಆ ತಾಯಿಯೂ ಅತ್ತಳು. ಉರಿದುಬಿದ್ದಿದ್ದ ನಾನೂ ಅತ್ತೆ.

ಗಲ್ಲು ಜೀವಾವಧಿಯಾಯಿತೆಂಬ ಸುದ್ದಿ ಬರುವ ಹೊತ್ತಿಗೆ ಕಾಕಾ ಇರಲಿಲ್ಲ. ಅವರ ಹೆಂಡತಿ ಆ ಬೈಬಲನ್ನು ನನ್ನ ಕೈಯಲ್ಲಿಟ್ಟರು. ಕೆಲವು ಮಧ್ಯಾಹ್ನ ನಾನೂ ಕಣ್ಣು ಮುಚ್ಚಿ ಅದರ ಅಂಚಿಗೆ ಬೆರಳು ಎಳೆಯುತ್ತೇನೆ. ಅಂಟು ಕುಡಿದ ಆ ಎರಡು ಹಾಳೆ ಇನ್ನೂ ಗಡುಸು. ಅವುಗಳ ಮೂಲೆ ಮಾತ್ರ ಉಳಿದೆಲ್ಲ ಹಾಳೆಗಳಿಗಿಂತ ಹೆಚ್ಚು ಸವೆದು ಮೆತ್ತಗಾಗಿದೆ.