ಯಾವ ಎಲೆಯಲ್ಲಿ ಅವಳ ಉಸಿರು

ಟಿಕ್, ಟಿಕ್... ಹೆಬ್ಬೆರಳಿಗೆ ಸಿಕ್ಕಿಸಿದ ಕಬ್ಬಿಣದ ಉಗುರು ವೀಳ್ಯದೆಲೆಯ ತೊಟ್ಟು ಕತ್ತರಿಸುವ ಸದ್ದು. ಮೊನ್ನೆ ಯಾರದೋ ನೇಲ್ ಕಟರ್ ಸದ್ದಿಗೆ ಅದು ನೆನಪಾಯಿತು.

ಅರವತ್ತರ ದಶಕದ ಸವಣೂರು. ನಮ್ಮ ಹಿತ್ತಿಲ ಗೋಡೆಯಾಚೆ ಎಲೆತೋಟ. ಅದರ ಯಜಮಾನರ ಹೆಂಡತಿಯನ್ನು ನಾನು ಖಾಲಾ ಎನ್ನುತ್ತಿದ್ದೆ. ಅವರ ಒಬ್ಬಳೇ ಮಗಳು, ನನ್ನ ಓರಗೆಯವಳು, ಎದೆಯ ಬೇನೆಯಿಂದ ಕಿಟಕಿಯ ಪಕ್ಕ ಮಲಗಿರುತ್ತಿದ್ದಳು. ಕಿಟಕಿಗೆ ತಾಗಿ, ಅಗಸೆ ಮರಕ್ಕೆ ಹಬ್ಬಿದ ಒಂದು ಬಳ್ಳಿ.

ಕಾನ್ವೆಂಟಿನಿಂದ ರಜೆಗೆ ಬಂದಾಗ ಅವಳಿಗೆ ನನ್ನ ಬಾಟನಿ ಲೆಸನ್ ಓದಿ ಹೇಳುತ್ತಿದ್ದೆ. ನಾವು ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಎಲೆಯ ಸೂಕ್ಷ್ಮ ರಂಧ್ರಗಳಿಂದ ಒಳಗೆ ಹೋಗುತ್ತದೆ. ಬೆಳಕಿನ ಬಲದಿಂದ ಎಲೆ ಅದನ್ನು ನೀರಿನ ಜೊತೆ ಕೂಡಿಸಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯೇ ಬಳ್ಳಿಯ ಮೈಯಾಗುತ್ತದೆ. ಅವಳು ನಕ್ಕು, ಬಳ್ಳಿಯತ್ತ ಊದಿ, ‘ತಗೋ, ಉಣ್ಣು’ ಎಂದಳು. ಆಮೇಲೆ ಕೆಮ್ಮು... ಖಾಲಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

ಆ ಮಳೆಗಾಲ ಅವಳು ತೀರಿಕೊಂಡಳು.

ನಾನು ಮುಂದಿನ ರಜೆಗೆ ಬಂದಾಗ, ಖಾಲಾ ಆ ಬಳ್ಳಿಗೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ. ಮಗಳ ಉಸಿರು ಅದರಲ್ಲಿದೆ ಎನ್ನುತ್ತಿದ್ದರಂತೆ. ಅವರ ಗಂಡ ಸೋತು ನನ್ನನ್ನು ಕರೆದರು. ‘ಸಾಲಿ ಕಲ್ತಾಕಿ ನೀ, ಒಂದೀಟು ತಿಳಿಸಿ ಹೇಳವಾ.’ ಗಾಳಿ ಎಲ್ಲೆಲ್ಲೋ ಒಯ್ದಿರುತ್ತದೆ, ಇಲ್ಲಿ ಒಂಚೂರು ಉಳಿದಿರಬಹುದು, ಅಷ್ಟೇ ಎಂದೆ. ಖಾಲಾ ನನ್ನ ಕೈ ಹಿಡಿದು ಬಳ್ಳಿಯ ಮೇಲಿಟ್ಟರು.

‘ಯಾವ ಎಲ್ಯಾಗ ಐತಿ, ಅದೊಂದು ತೋರ್ಸು ಬೇಟಿ. ಉಳದದ್ದು ಕೊಯ್ಕೊಳ್ಳಲಿ.’

ನಾನು ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡೆ.

ಬಳ್ಳಿ ಮರದ ತುದಿ ಮುಟ್ಟಿದಾಗ ಅದನ್ನು ಇಳಿಸಬೇಕು. ಕೆಳಗಿನ ಎಲೆಗಳನ್ನೆಲ್ಲ ಬಿಡಿಸಿ, ಬೋಳು ಹಂಬನ್ನು ಸುರುಳಿ ಸುತ್ತಿ ಮಣ್ಣಲ್ಲಿ ಹೂತು, ಕುಡಿಯನ್ನಷ್ಟೇ ಮೇಲೆ ಬಿಡಬೇಕು. ಇಳಿಸದಿದ್ದರೆ ಬಳ್ಳಿ ಸೊರಗುತ್ತದೆ. ಅದಕ್ಕೇ ಖಾಲಾ ಕೊನೆಗೆ ಒಪ್ಪಿ, ತಾವೇ ಇಳಿಸಿದರು. ಆದರೆ ಒಂದು ಎಲೆಯನ್ನೂ ಬಿಡಿಸಲಿಲ್ಲ. ಎಲೆ ಸಮೇತ ಹೂತರು. ಗಂಡ ಬೇಡವೆಂದು ಕೈ ಮುಗಿದರೂ ಕೇಳಲಿಲ್ಲ. ಮಣ್ಣೊಳಗೆ ಎಲೆ ಕೊಳೆತು, ಆ ಕೊಳೆ ಹಂಬಿಗೆ ಹತ್ತಿ, ಕುಡಿಯವರೆಗೂ ಏರಿತು.

ನಾನು ಕಾನ್ವೆಂಟಿಗೆ ಹೊರಟ ದಿನ ಖಾಲಾಗೆ ಗುಡ್‌ಬೈ ಹೇಳಲು ಹೋದೆ. ಅವರನ್ನು ನೋಡಿದ್ದು ಅದೇ ಕೊನೆ. ಕುಡಿ ಕಪ್ಪಾಗಿ ಜೋತಿತ್ತು. ಖಾಲಾ ಮೊಣಕಾಲೂರಿ, ಎರಡೂ ಕೈಯಿಂದ ಮಣ್ಣು ಸರಿಸುತ್ತಿದ್ದರು. ಕೊಳೆತ ಎಲೆಗಳ ಮೇಲೆ ಬಿಸಿಲು ಬಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು.

‘ಬೆಳಕ ಬೇಕಂದಿದ್ದಿ ಅಲ್ಲ ಬೇಟಿ... ಈಗ ಬಿತ್ತು ನೋಡು. ಇನ್ನರ ಉಣ್ತಾವೇನು?’